ಪಿಸ್ಟನ್ ಇಲ್ಲದ ಇಂಜಿನ್, ಅದರ ಮೂರು ತುದಿಗಳು

ಎಲ್ಲರಿಗೂ ನಮಸ್ಕಾರ.

ಬೈಕಿನ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಲ್ಲುತ್ತದೆ, ಕೆಳಗೆ ಬಂದು ಮತ್ತೆ ನಿಲ್ಲುತ್ತದೆ. ನಿಮಿಷಕ್ಕೆ ಸಾವಿರಾರು ಸಲ. ಆದರೆ ಚಕ್ರಕ್ಕೆ ಬೇಕಾಗಿರುವುದು ತಿರುಗುವುದು ಮಾತ್ರ, ಅಲ್ವಾ? ಹಾಗಿದ್ದರೆ ಇಂಜಿನ್ ಒಳಗೂ ಎಲ್ಲವೂ ತಿರುಗುತ್ತಲೇ ಇರಲಿ ಎಂದು ಜರ್ಮನಿಯ ಫೆಲಿಕ್ಸ್ ವಾಂಕೆಲ್ ವರ್ಷಗಟ್ಟಲೆ ದುಡಿದರು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಅವರ ಇಂಜಿನ್ ಓಡಿತು. ಅದರಲ್ಲಿ ಹೊರಗಿನ ಕವಚವೂ ತಿರುಗುತ್ತಿತ್ತು. ಕಿಡಿ ಹಾರಿಸುವ ಪ್ಲಗ್ ಬದಲಿಸಲು ಇಂಜಿನ್ನನ್ನೇ ಬಿಚ್ಚಬೇಕಿತ್ತು. ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ ಕವಚವನ್ನು ನಿಲ್ಲಿಸಿ, ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಮಾತ್ರ ಸುತ್ತುವ ಹಾಗೆ ಮಾಡಿದರು. ಕಾರುಗಳಿಗೆ ಬಂದದ್ದು ಈ ರೂಪವೇ. ಪಾಶ್ಕೆ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಈಗ ಒಳಗೆ ನೋಡೋಣ. ಕವಚದ ಒಳಗೋಡೆ ಕಡಲೆಕಾಯಿಯ ಹಾಗೆ ನಡುವಲ್ಲಿ ತುಸು ಒಳಕ್ಕೆ ಬಾಗಿದೆ. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದ ರೋಟರ್. ಅದರ ಮೂರೂ ತುದಿಗಳು ಗೋಡೆಯನ್ನು ಸವರುತ್ತಲೇ ಇರುತ್ತವೆ. ಹಾಗಾಗಿ ಮೂರು ಕೋಣೆಗಳು. ರೋಟರ್ ಸುತ್ತುತ್ತಿದ್ದ ಹಾಗೆ ಒಂದೊಂದು ಕೋಣೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗುವಾಗ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತವೆ. ಕುಗ್ಗುವಾಗ ಒತ್ತಡ ಏರುತ್ತದೆ. ಪ್ಲಗ್ ಕಿಡಿ ಹಾರಿಸಿದಾಗ ಉರಿದ ಅನಿಲ ರೋಟರ್‌ನ ಬದಿಯನ್ನು ತಳ್ಳುತ್ತದೆ. ಮತ್ತೆ ಕುಗ್ಗುವಾಗ ಹೊಗೆ ಹೊರಗೆ. ವಾಲ್ವ್‌ಗಳೇ ಬೇಡ. ಗಾಳಿ, ಹೊಗೆಯ ಕಿಂಡಿಗಳನ್ನು ರೋಟರೇ ಮುಚ್ಚಿ ತೆರೆಯುತ್ತದೆ.

ಇಂಜಿನ್‌ನ ಶಕ್ತಿಯನ್ನು ಹೊರಗೆ ಒಯ್ಯುವ ತಿರುಗುವ ದಂಡವೇ ಶಾಫ್ಟ್. ರೋಟರ್ ಕೂತಿರುವುದು ಶಾಫ್ಟ್‌ನ ನಡುವಿನಿಂದ ಸರಿದ ಒಂದು ದುಂಡನೆಯ ಭಾಗದ ಮೇಲೆ. ರೋಟರ್‌ಗೆ ಬಿದ್ದ ಒತ್ತಡ ಆ ಭಾಗವನ್ನು ತಳ್ಳಿ ಶಾಫ್ಟ್ ತಿರುಗಿಸುತ್ತದೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ಅಷ್ಟರಲ್ಲಿ ಮೂರು ಬದಿಗಳೂ ಒಂದೊಂದು ಸಲ ಉರಿದಿರುತ್ತವೆ. ಅಂದರೆ ಶಾಫ್ಟ್‌ನ ಪ್ರತಿ ಸುತ್ತಿಗೂ ಒಂದು ತಳ್ಳು. ಒಂದು ಸಿಲಿಂಡರ್‌ನ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದೇ.

ಇಷ್ಟು ಚೆಂದದ ಇಂಜಿನ್ ಎಲ್ಲ ಕಾರುಗಳಲ್ಲೂ ಯಾಕಿಲ್ಲ? ಕಷ್ಟವೆಲ್ಲ ಆ ಮೂರು ತುದಿಗಳಿಗೆ ಬಂದು ಬಿತ್ತು. ಪಿಸ್ಟನ್ ಸುತ್ತಲಿನ ಬಳೆಯಂಥ ರಿಂಗ್ ದುಂಡಗಿನ ಗೋಡೆಗೆ ಒಂದೇ ಕೋನದಲ್ಲಿ ಕೂತಿರುತ್ತದೆ. ಇಲ್ಲಿ ತುದಿಯಲ್ಲಿರುವುದು ಅನಿಲ ಸೋರದಂತೆ ತಡೆಯುವ, ತೆಳುವಾದ ಪಟ್ಟಿಯಂಥ ಸೀಲ್. ಅದು ಗೋಡೆಗೆ ತಾಗುವ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆಚೀಚೆ ಎರಡು ಕೋಣೆಗಳ ಒತ್ತಡವೂ ಬೇರೆ ಬೇರೆ. 1967ರಲ್ಲಿ ಬಂದ ಎನ್‌ಎಸ್‌ಯು ರೋ 80 ಕಾರು ಸೀಲ್ ಸವೆದು ಹೆಸರು ಕೆಡಿಸಿಕೊಂಡಿತು. ಜಪಾನಿನ ಹಿರೋಶಿಮಾದ ಮಜ್ದಾ ಕಾರು ಕಂಪನಿಯಲ್ಲಿ ಸೀಲ್ ಅದುರಿ ಗೋಡೆಯ ಮೇಲೆ ಅಲೆಅಲೆಯಾಗಿ ಗೀರು ಬೀಳುತ್ತಿತ್ತು. ಅದನ್ನು ದೆವ್ವದ ಉಗುರಿನ ಗುರುತು ಎನ್ನುತ್ತಿದ್ದರು. ಅಲ್ಲಿನ ಇಂಜಿನಿಯರ್ ಕೆನಿಚಿ ಯಮಾಮೊಟೊ ಅವರ ತಂಡ ಕಾರ್ಬನ್ ಬೆರೆಸಿದ ಸೀಲ್ ಮಾಡಿ ಅದನ್ನು ಗೆದ್ದಿತು. ಅದೇ 1967ರಲ್ಲಿ ಮಜ್ದಾದ ಕಾಸ್ಮೋ ಸ್ಪೋರ್ಟ್ ಕಾರು ರಸ್ತೆಗೆ ಬಂತು. 1991ರಲ್ಲಿ ನಾಲ್ಕು ರೋಟರ್‌ಗಳ ಮಜ್ದಾ 787ಬಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸ್ ಗೆದ್ದಿತು.

ಇನ್ನೊಂದು ಕಷ್ಟ ಉಳಿದೇ ಇದೆ. ಕೋಣೆ ಉದ್ದ, ಚಪ್ಪಟೆ. ಉರಿಯ ಬಿಸಿಯೆಲ್ಲ ಗೋಡೆಯ ಪಾಲಾಗುತ್ತದೆ, ಸ್ವಲ್ಪ ಪೆಟ್ರೋಲ್ ಉರಿಯದೆ ಹೊರಬೀಳುತ್ತದೆ. ಹೊಗೆಯಲ್ಲಿ ಕೊಳೆ ಜಾಸ್ತಿ, ಮೈಲೇಜ್ ಕಡಿಮೆ. ಮಜ್ದಾ ಆರ್‌ಎಕ್ಸ್-8 ಎಂಬ ರೋಟರ್ ಕಾರಿನ ತಯಾರಿ 2012ರಲ್ಲಿ ನಿಂತಿತು.

2023ರಲ್ಲಿ ಎಂಎಕ್ಸ್-30 ಕಾರಿನಲ್ಲಿ ಮಜ್ದಾ ಒಂದೇ ರೋಟರ್‌ನ ಪುಟ್ಟ ಇಂಜಿನ್ ತಂದಿತು. ಚಕ್ರ ತಿರುಗಿಸುವುದು ಕರೆಂಟಿನ ಮೋಟರ್. ಈ ಇಂಜಿನ್ ಕರೆಂಟ್ ತಯಾರಿಸುತ್ತದೆ ಅಷ್ಟೇ. ಅದರಲ್ಲೂ ತುದಿಯ ಸೀಲ್‌ನ ಚಿಂತೆ ಬಿಟ್ಟಿಲ್ಲ. ಬೇಗ ಸವೆಯದಿರಲೆಂದು ದಪ್ಪವನ್ನು 2 ಮಿಲಿಮೀಟರ್‌ನಿಂದ 2.5ಕ್ಕೆ ಏರಿಸಿದ್ದಾರೆ.