ಜಾರ್ಜ್ ಇನ್: ಕಲ್ಲಿನ ಮೇಲೆ ಓಕ್ ಮಹಡಿ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಹಳ್ಳಿ ನಾರ್ಟನ್ ಸೇಂಟ್ ಫಿಲಿಪ್. ಅಲ್ಲಿನ ಹಳೆಯ ಪಬ್ಬು ಜಾರ್ಜ್ ಇನ್. ಹಿಂಟನ್ ಮಠದ ಕಾರ್ಥೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಕಾಲದ್ದು. ಉಣ್ಣೆ ವ್ಯಾಪಾರಿಗಳು ತಂಗುತ್ತಿದ್ದರು, ಉಣ್ಣೆಯನ್ನೂ ಇಲ್ಲೇ ಪೇರಿಸುತ್ತಿದ್ದರು. ಕೆಳಗಿನ ಅಂತಸ್ತು ಕಲ್ಲಿನದು. ಮೇಲಿನ ಎರಡು ಮಹಡಿ 15ನೇ ಶತಮಾನದ ಮರಗೆಲಸ.

ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಮಹಡಿಗಳು ಕೆಳಗಿನ ಗೋಡೆಯನ್ನು ದಾಟಿ ಮುಂದಕ್ಕೆ ಚಾಚಿವೆ. ಅಡ್ಡತೊಲೆಗಳ ತುದಿ ಹೊರಬಂದು, ಅದರ ಮೇಲೆ ಮೇಲ್ಗೋಡೆ ಕೂತಿರುತ್ತದೆ. ಆ ಭಾರ ತುದಿಯನ್ನು ಅದುಮಿದಾಗ ಒಳಕೋಣೆಯಲ್ಲಿ ತೊಲೆಯ ನಡು ಜೋಲುವುದು ತಗ್ಗುತ್ತದೆ. ಮಳೆನೀರೂ ಕೆಳಗೋಡೆಯಿಂದ ದೂರ ಬೀಳುತ್ತದೆ. ಎಷ್ಟು ಅಚ್ಚುಕಟ್ಟಾದ ಲೆಕ್ಕ!

ಇಂಥ ಚೌಕಟ್ಟಿಗೆ ಒಣಗದ ಹಸಿ ಓಕ್ ಮರ ಬೇಕು. ಒಣಗಿದ ಓಕ್‌ಗೆ ಉಳಿ ಸುಲಭಕ್ಕೆ ಇಳಿಯದು. ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಂಬದ ಗೂಡಿಗೆ ಕೂರಿಸುತ್ತಾರೆ. ನಾಲಿಗೆಯಲ್ಲೂ ಕಂಬದಲ್ಲೂ ಗೂಟದ ತೂತುಗಳನ್ನು ಬೇಕೆಂದೇ ಎರಡು ಮೂರು ಮಿಲಿಮೀಟರ್ ಆಚೀಚೆ ಕೊರೆಯುತ್ತಾರೆ. ಮೊನೆ ಮಾಡಿದ ಓಕ್ ಗೂಟ ಹೊಡೆದಾಗ ಅದು ಬಾಗಿ, ಸಂದನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಕಂಬಗಳ ನಡುವೆ ಹೇಜಲ್ ಎಂಬ ಗಿಡದ ಬರಲಿನ ತಟ್ಟಿ. ಅದಕ್ಕೆ ಜೇಡಿ, ಹುಲ್ಲು, ಸಗಣಿ ಕಲಸಿದ ಮೆತ್ತೆ. ಮೇಲೆ ಸುಣ್ಣದ ಗಾರೆ.

ಇಂಥ ಹಳೆಯ ಗೋಡೆಗಳಿಗೆ ದೊಡ್ಡ ಹೊಡೆತ ಕೊಟ್ಟದ್ದು ಸುಣ್ಣದ ಗಾರೆಯ ಬದಲು ಬಳಿದ ಸಿಮೆಂಟು. ಮರ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಬಗ್ಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿ ಹೊಕ್ಕ ಮಳೆನೀರಿಗೆ ಹೊರಬರಲು ದಾರಿಯಿಲ್ಲ. ಮರದ ತೇವ ಶೇಕಡಾ 20 ದಾಟಿದರೆ ಬೂಷ್ಟಿಗೆ ಅನುಕೂಲ; ಹಿಂದೆಯೇ ಓಕ್ ಕೊರೆಯುವ ಹುಳು. ಹೊರಗೆ ಬಣ್ಣ ನುಣ್ಣಗಿರುವಾಗಲೇ ಒಳಗೆ ಅಡಿತೊಲೆ ಪುಡಿಯಾಗಿರುತ್ತದೆ.

ಸರಿಪಡಿಸುವವರು ಮೊದಲು ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ಮರ ಒಣಗಲು ಬಿಡಬೇಕು. ಆಮೇಲೆ ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಒರಟು ಮರಳು, ಒಂದಿಷ್ಟು ದನದ ಕೂದಲು ಕಲಸಿ ತೆಳುವಾಗಿ ಬಳಿಯಬೇಕು. ಮುಂಚಿನ ಪದರ ಗಟ್ಟಿಯಾಗುವ ತನಕ ಎರಡನೆಯದಕ್ಕೆ ಆತುರ ಬೇಡ. ಚಳಿಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು, ಹಸಿಗಾರೆ ಹೆಪ್ಪುಗಟ್ಟಿದರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಬಿಸಿಲು ಗಾಳಿ ಜೋರಿದ್ದರೆ ಒದ್ದೆ ಗೋಣಿತಾಟು ಇಳಿಬಿಟ್ಟು, ದಿನಗಟ್ಟಲೆ ನೀರು ಚಿಮುಕಿಸುತ್ತಿರಬೇಕು.