ಹದಿನೆಂಟು ಮೊಳದ ಸೀರೆ, ಬೇಡದ ಜಿಪ್ಪು

ಈ ವಿಡಿಯೋದಲ್ಲಿ ಕುಕ್ಕರ್ ಸದ್ದು ಎಡಿಟ್‌ ಮಾಡಿದರೂ ಹೋಗಲಿಲ್ಲ, ಸಹಿಸಿಕೊಳ್ಳಿ. ಹಾಸನದಲ್ಲಿ ಅವತ್ತು ಸೋನೆ ಮಳೆ, ಬೆಳಕೂ ಅಷ್ಟಕ್ಕಷ್ಟೇ. ಮಂಚದ ಮೇಲಿರುವುದು 1910ರ ಸುಮಾರಿಗೆ ನಮ್ಮ ಕಡೆ ಹೆಂಗಸರು ದಿನಾ ಉಡುತ್ತಿದ್ದಂಥ ಬಟ್ಟೆ. ಮದುವೆ ರೇಷ್ಮೆ ಅಲ್ಲ, ನೀರು ಸೇದುವ, ಒಲೆ ಊದುವ ಬಟ್ಟೆ.

ಸೀರೆ ಹದಿನೆಂಟು ಮೊಳ. ಅಂದರೆ 9 ಗಜ, ಎಂಟು ಮೀಟರಿಗೂ ಜಾಸ್ತಿ. ಒಂದು ಅಂಗಡಿಯಲ್ಲಿ ‘ಹಳೇ ಕಾಲದ್ದೇ ಮೇಡಂ’ ಅಂತ ಪಾಲಿಯೆಸ್ಟರ್ ತೋರಿಸಿದರು. ಪಾಲಿಯೆಸ್ಟರ್ ಹುಟ್ಟಿದ್ದೇ 1941ರಲ್ಲಿ! ಕೊನೆಗೆ ಈ ಹತ್ತಿ ಸೀರೆ ದೊಡ್ಡಮ್ಮನ ಟ್ರಂಕಿನಲ್ಲಿ ಸಿಕ್ಕಿತು. ನುಸಿಗುಳಿಗೆ ವಾಸನೆ ಇನ್ನೂ ಬಿಟ್ಟಿಲ್ಲ.

ಈಗ ಕುಪ್ಪಸದ ಕಥೆ. ಅದಕ್ಕೆ ಹುಕ್ಕಿಲ್ಲ, ಗುಂಡಿಯಿಲ್ಲ. ಮುಂದಿನ ಎರಡು ತುದಿ ಎಳೆದು ಎದೆ ಕೆಳಗೆ ಗಂಟು ಹಾಕಿದರೆ ಮುಗೀತು. ಟೈಲರ್‌ಗೆ ಚಿತ್ರ ಬರೆದೇ ಕೊಟ್ಟಿದ್ದೆ. ಹಾಸನಾಂಬೆ ಬಾಗಿಲು ತೆಗೆದ ವಾರ ಅದು. ವರ್ಷಕ್ಕೊಮ್ಮೆ ಅಲ್ವಾ, ಊರೆಲ್ಲಾ ಸಾಲು. ನಾನು ದರ್ಶನಕ್ಕೆ ಹೋಗಲೇ ಇಲ್ಲ, ಅಮ್ಮ ಇನ್ನೂ ಬೈಯುತ್ತಿದ್ದಾರೆ. ಇರಲಿ. ವಾರ ಬಿಟ್ಟು ಹೋದರೆ ಬೆನ್ನಿಗೆ ಜಿಪ್ಪು, ಒಳಗೆ ಬ್ರಾ ಕಪ್! ಮುಂದೆ ಗಂಟೂ ಇದೆ, ಸುಮ್ನೆ ಶೋಕಿಗೆ ಹೊಲಿದು ಕೂರಿಸಿದ್ದು. ‘ಗಂಟು ಬಿಚ್ಚಿಕೊಂಡರೆ ನನ್ನ ಹೆಸರು ಹಾಳಾಗಲ್ವಾ?’ ಅಂದರು. ಹೊಲಿಗೆಗೆ 550, ಜಿಪ್ಪಿಗೆ ಬೇರೆ 40. ಬೇಡದ ಜಿಪ್ಪಿಗೆ ನಾನ್ಯಾಕೆ ಕೊಡಲಿ? ಕೊಟ್ಟೆ. ಮನೆಗೆ ಬಂದು ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದೆ. ಇಲ್ಲಿ ನೋಡಿ, ಸೂಜಿ ತೂತುಗಳು ಇರುವೆ ಸಾಲಿನ ಹಾಗೆ ಉಳಿದಿವೆ. ಬೆನ್ನನ್ನು ಕೈಹೊಲಿಗೆಯಲ್ಲಿ ಸೇರಿಸಿದೆ, ಸೊಟ್ಟಗಾಯಿತು. ಸೆರಗು ಮುಚ್ಚುತ್ತೆ ಬಿಡಿ.

ಒಳಗೆ ಲಂಗ ಇಲ್ಲ, ಪಿನ್ನೂ ಇಲ್ಲ. ಸೊಂಟಕ್ಕೊಂದು ಗಂಟು, ನೆರಿಗೆ ಕಾಲ ಸಂದಿಯಿಂದ ಹಿಂದಕ್ಕೆಳೆದು ಕಚ್ಚೆ. ಕಚ್ಚೆ ಎಲ್ಲರ ಮನೆಯಲ್ಲೂ ಇರಲಿಲ್ಲ, ಗೊತ್ತು, ಜಗಳಕ್ಕೆ ಬರಬೇಡಿ. ಇದನ್ನು ಉಡುವುದು ಹಿಂಸೆ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ವಾಪಸ್ ತೆಗೆದುಕೊಂಡೆ. ಮೆಟ್ಟಿಲು ಎರಡೆರಡಾಗಿ ಹತ್ತಿದೆ, ಕಾಲಿಗೆ ಒಂಚೂರೂ ತೊಡರಲಿಲ್ಲ. ಆದರೆ ಒಗೆಯುವುದು? ಒದ್ದೆ ಸೀರೆ ಎತ್ತುವುದೂ ಒಂದೇ, ಕರು ಎತ್ತುವುದೂ ಒಂದೇ. ಹಿಂಸೆಯೇ ಸರಿ.

ಅಯ್ಯೋ, ಈ ಶಾಟ್ ಮುಗಿದೇ ಹೋಯಿತು. ಇಲ್ಲಿ ತಿರುಗುವಾಗ ತಂಗಿಗೆ ‘ಬೆನ್ನು ಜೂಮ್ ಮಾಡಬೇಡ ಕಣೇ’ ಅಂದಿದ್ದೆ. ಮಾಡಿದ್ದಾಳೆ ನೋಡಿ.