ಅಗ್ಗದ ಯುದ್ಧದ ಬಾಕಿ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಉಕ್ರೇನಿನ ನಗರಗಳ ಮೇಲೆ ರಷ್ಯಾ ಹಾರಿಸುವ ಶಾಹೆದ್ ಡ್ರೋನ್ ಮೂಲದಲ್ಲಿ ಇರಾನಿನ ವಿನ್ಯಾಸ. ಸಣ್ಣದೊಂದು ಪಿಸ್ಟನ್ ಎಂಜಿನ್, ಬೆನ್ನ ಹಿಂದೆ ಪ್ರೊಪೆಲರ್, ಮೂಗಿನಲ್ಲಿ ಸಿಡಿತಲೆ. ಒಂದಕ್ಕೆ 20 ಸಾವಿರದಿಂದ 50 ಸಾವಿರ ಡಾಲರ್ ತಗಲುತ್ತದೆ ಎಂಬುದು ಸಾಮಾನ್ಯ ಅಂದಾಜು. ಅದನ್ನು ಕೆಡವಲು ಅಮೆರಿಕದ ಪೇಟ್ರಿಯಟ್ ವಾಯುರಕ್ಷಣಾ ವ್ಯವಸ್ಥೆಯ ಪಿಎಸಿ-3 ಕ್ಷಿಪಣಿಯನ್ನು ಬಳಸಿದರೆ ಅದೊಂದರ ಬೆಲೆಯೇ 40 ಲಕ್ಷ ಡಾಲರಿನ ಆಸುಪಾಸು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತೇವಲ್ಲ, ಅದೇ. ಗುಬ್ಬಿ ಸತ್ತರೂ ಲಾಭ ಗುಬ್ಬಿ ಬಿಟ್ಟವನಿಗೆ. ಹೀಗಾಗಿಯೇ ಉಕ್ರೇನಿನವರು ಪಿಕಪ್ ವಾಹನಗಳ ಮೇಲೆ ಮೆಷಿನ್ ಗನ್ ಕೂರಿಸಿಕೊಂಡು ಕಾಯುತ್ತಾರೆ, ಡ್ರೋನಿನಿಂದಲೇ ಡ್ರೋನನ್ನು ಹೊಡೆಯುತ್ತಾರೆ. ಎದುರಾಳಿಯ ಸೈನ್ಯಕ್ಕಿಂತ ಮೊದಲು ಅವನ ಬೊಕ್ಕಸವನ್ನು ದಣಿಸು ಎಂಬುದು ಇಂದಿನ ರಣನೀತಿ.

2020ರ ನಾಗೋರ್ನೊ-ಕರಬಾಖ್ ಯುದ್ಧದಲ್ಲೇ ಇದರ ಮುನ್ಸೂಚನೆ ಸಿಕ್ಕಿತ್ತು. ಟರ್ಕಿಯ ಬೈರಕ್ತಾರ್ ಮತ್ತು ಇಸ್ರೇಲಿನ ಹಾರೋಪ್ ಡ್ರೋನ್‌ಗಳನ್ನು ಮುಂದಿಟ್ಟುಕೊಂಡು ಅಜರ್ಬೈಜಾನ್ 44 ದಿನಗಳಲ್ಲಿ ಆರ್ಮೇನಿಯಾದ ಟ್ಯಾಂಕುಗಳನ್ನೂ ವಾಯುರಕ್ಷಣೆಯನ್ನೂ ನುಚ್ಚುನೂರು ಮಾಡಿತು. ಆಗಲೂ ಗುರಿ ನೋಡಿ ಹೊಡೆ ಎನ್ನುವವನು ಬಹುಮಟ್ಟಿಗೆ ಮನುಷ್ಯನೇ ಆಗಿದ್ದ.

ಆ ಮನುಷ್ಯ ಈಗ ಹಿಂದೆ ಸರಿಯುತ್ತಿರುವುದು ಹೇಗೆ? ಉಕ್ರೇನ್ ಯುದ್ಧದ ಮುಂಚೂಣಿಯ ಒಂದು ಚಿಕ್ಕ ಡ್ರೋನನ್ನೇ ನೋಡೋಣ. ಅದನ್ನು ಹಾರಿಸುವ ಸೈನಿಕ ಹಲವು ಕಿಲೋಮೀಟರ್ ದೂರದ ನೆಲಮಾಳಿಗೆಯಲ್ಲಿ ಕುಳಿತು, ಡ್ರೋನಿನ ಕ್ಯಾಮೆರಾ ಕಂಡದ್ದನ್ನು ಕಣ್ಣಿಗೆ ಕಟ್ಟಿದ ಪರದೆಯಲ್ಲಿ ಕಾಣುತ್ತಾನೆ. ಡ್ರೋನ್ ಗುರಿಯತ್ತ ಕೆಳಗಿಳಿದಂತೆ ಮರ, ದಿಬ್ಬ, ಗೋಡೆಗಳು ರೇಡಿಯೊ ತರಂಗಕ್ಕೆ ಅಡ್ಡ ಬರುತ್ತವೆ. ಸಂಪರ್ಕ ಕೆಡಿಸುವ ಶತ್ರುವಿನ ಜಾಮರ್ ಬೇರೆ. ಹೊಡೆಯಬೇಕಾದ ಕೊನೆಯ ಕೆಲವು ಕ್ಷಣಗಳಲ್ಲೇ ಚಿತ್ರ ಚದುರಿ, ಪರದೆ ಖಾಲಿಯಾಗುತ್ತದೆ. ಇದಕ್ಕೆ ಎರಡು ಉಪಾಯ ಹುಡುಕಿದರು. ಒಂದು, ಡ್ರೋನಿಗೆ ಆಪ್ಟಿಕಲ್ ಫೈಬರಿನ ಉಂಡೆ ಕಟ್ಟಿ, ಹಾರುತ್ತಾ ಎಳೆ ಬಿಚ್ಚಿಕೊಂಡು ಹೋಗುವಂತೆ ಮಾಡುವುದು. ಅಲ್ಲಿನ ಹೊಲಗಳ ಮೇಲೆ ಈ ಗಾಜಿನ ಎಳೆಗಳು ಬಲೆಬಲೆಯಾಗಿ ಬಿದ್ದುಕೊಂಡಿವೆ. ಇನ್ನೊಂದು, ಕೊನೆಯ ಕೆಲವು ನೂರು ಮೀಟರುಗಳನ್ನು ಯಂತ್ರಕ್ಕೇ ಒಪ್ಪಿಸಿಬಿಡುವುದು. ಸೈನಿಕ ಗುರಿಯನ್ನು ಗುರುತಿಸಿ ಕೊಡುತ್ತಾನೆ. ಸಂಪರ್ಕ ಕಡಿದ ಮೇಲೂ ಚಿಪ್ ಅದನ್ನು ಬೆನ್ನಟ್ಟುತ್ತದೆ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು. ಮನುಷ್ಯನನ್ನು ಬಿಟ್ಟುಬಿಡೋಣ ಎಂದು ಯಾರೂ ಸಭೆ ಸೇರಿ ನಿರ್ಣಯಿಸಲಿಲ್ಲ. ಸಂಪರ್ಕ ಕಡಿಯಿತು, ತೂತು ಮುಚ್ಚಿದರು. ನಾಳೆ ಗುರಿ ಗುರುತಿಸಲೂ ಪುರುಸೊತ್ತಿಲ್ಲ ಎನಿಸಿದರೆ ಆ ಕೆಲಸವನ್ನೂ ಹೀಗೆಯೇ ದಾಟಿಸುತ್ತಾರೆ.

ದಾಟಿಸಿದರೆ ತಪ್ಪೇನು, ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ನೋಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಗಟ್ಟಿ ಸಾಕ್ಷ್ಯವೂ ಇದೆ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ ವಿಮಾನವನ್ನು ಹೊಡೆದುರುಳಿಸಿತು. 66 ಮಕ್ಕಳೂ ಸೇರಿ 290 ಮಂದಿ ಸತ್ತರು. ನೌಕೆಯ ಏಜಿಸ್ ಗಣಕವ್ಯವಸ್ಥೆ ವಿಮಾನ ಮೇಲೇರುತ್ತಿದೆ ಎಂದೇ ದಾಖಲಿಸಿತ್ತು. ಶತ್ರುವಿನ ಫೈಟರ್ ತಮ್ಮತ್ತ ಇಳಿದುಬರುತ್ತಿದೆ ಎಂದು ಕೂಗಿದವರು ಮನುಷ್ಯರು. ಯಂತ್ರ ಸರಿ, ಮನುಷ್ಯ ತಪ್ಪು.

2003ರಲ್ಲಿ ಇರಾಕ್ ಯುದ್ಧ ಶುರುವಾದ ಮೊದಲ ದಿನಗಳಲ್ಲಿ ಇದು ತಿರುವುಮುರುವಾಯಿತು. ಕುವೈತಿನ ನೆಲೆಗೆ ಮರಳುತ್ತಿದ್ದ ಬ್ರಿಟಿಷ್ ಟೊರ್ನೇಡೊ ವಿಮಾನವನ್ನು ಪೇಟ್ರಿಯಟ್ ವ್ಯವಸ್ಥೆ ಕ್ಷಿಪಣಿ ಎಂದು ವರ್ಗೀಕರಿಸಿತು. ಕುಳಿತಿದ್ದ ಸೈನಿಕರು ನಂಬಿದರು, ಇಬ್ಬರು ವಾಯುಯೋಧರು ಸತ್ತರು. ಕೆಲವೇ ದಿನಗಳಲ್ಲಿ ಅಮೆರಿಕದ್ದೇ ನೌಕಾಪಡೆಯ ಎಫ್-18 ಅದೇ ಬಗೆಯಲ್ಲಿ ಬಿತ್ತು. ಆ ವ್ಯವಸ್ಥೆ ಬಹುತೇಕ ತಾನಾಗಿಯೇ ನಡೆಯುವಂಥದ್ದು, ಅದನ್ನು ನಿರ್ವಹಿಸುವವರಿಗೆ ತಂತ್ರಾಂಶವನ್ನು ನಂಬುವ ತರಬೇತಿ ಕೊಡಲಾಗಿತ್ತು ಎಂದು ಅಮೆರಿಕದ ರಕ್ಷಣಾ ವಿಜ್ಞಾನ ಮಂಡಳಿಯೇ ಆಮೇಲೆ ಹೇಳಿತು. ಆ ಸೈನಿಕನಿಗೆ ತಡೆಯುವ ಅಧಿಕಾರ ಇತ್ತು. ಅನುಮಾನಿಸಲು ಬೇಕಾದ ಹೊತ್ತು ಇರಲಿಲ್ಲ. ‘ಮನುಷ್ಯನ ನಿಯಂತ್ರಣದಲ್ಲೇ ಇದೆ’ ಎಂಬ ಭರವಸೆ ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು, ಆ ಮನುಷ್ಯನಿಗೆ ಎಷ್ಟು ಸೆಕೆಂಡು ಕೊಟ್ಟಿದ್ದೀರಿ ಎಂದು. ಶತ್ರುವಿಗಿಂತ ಬೇಗ ನಿರ್ಧರಿಸಬೇಕು ಎಂಬುದೇ ಸ್ಪರ್ಧೆಯಾದರೆ ಮೊದಲು ಕತ್ತರಿ ಬೀಳುವುದು ಆ ಸೆಕೆಂಡುಗಳಿಗೆ.

ಇನ್ನು ಖರ್ಚಿನ ಮಾತು. ಯುದ್ಧದ ದೊಡ್ಡ ಬಿಲ್ ಯುದ್ಧ ಮುಗಿದ ಮೇಲೆ ಬರುತ್ತದೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದಿಂದ ಪಡೆದ ಸಾಲದ ಕೊನೆಯ ಕಂತನ್ನು ಬ್ರಿಟನ್ ಕಟ್ಟಿದ್ದು 2006ರ ಡಿಸೆಂಬರಿನಲ್ಲಿ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ನಿಂತಿತು. ಅದರ ಸೈನಿಕನೊಬ್ಬನ ಮಗಳು ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಪಡೆಯುತ್ತಾ ಬದುಕಿದ್ದು 2020ರವರೆಗೆ! ಸೆಪ್ಟೆಂಬರ್ 11ರ ನಂತರದ ಯುದ್ಧಗಳಿಗೆ ಅಮೆರಿಕ ತೆರುವ ಒಟ್ಟು ಬೆಲೆ ಎಂಟು ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಅಂದಾಜಿಸಿತು. ಅದರಲ್ಲಿ ಎರಡು ಲಕ್ಷ ಕೋಟಿಗೂ ಹೆಚ್ಚು ಪಾಲು ಮಾಜಿ ಸೈನಿಕರ ಮುಂದಿನ ಆರೈಕೆಯದು.

ಹಣಕಾಸು ಸಚಿವರಿಗೆ ಯಂತ್ರ ಇಷ್ಟವಾಗುವುದು ಇಲ್ಲಿಯೇ. ಯಂತ್ರಕ್ಕೆ ಪಿಂಚಣಿ ಇಲ್ಲ, ಕೃತಕ ಕಾಲು ಬೇಡ, ಅದರ ಶವಪೆಟ್ಟಿಗೆ ಟಿವಿಯಲ್ಲಿ ಕಾಣುವುದಿಲ್ಲ. ಆದರೆ ಶವಪೆಟ್ಟಿಗೆ ಊರಿಗೆ ಬಂದಾಗಲೇ ಜನ ‘ಈ ಯುದ್ಧ ಯಾಕೆ’ ಎಂದು ಕೇಳುತ್ತಿದ್ದದ್ದು. ಆ ಪ್ರಶ್ನೆಯ ಕಾಟ ತಪ್ಪಿದ ಸರ್ಕಾರಕ್ಕೆ ಯುದ್ಧ ಹೂಡುವುದು ಸಲೀಸು, ನಿಲ್ಲಿಸಲು ಅವಸರವಿಲ್ಲ. ಕೆಳಗೆ ಸಾಯುವವರ ಲೆಕ್ಕ ಆ ಬಜೆಟ್ಟಿನಲ್ಲಿ ಬರುವುದೇ ಇಲ್ಲ.

ಅಪರೂಪಕ್ಕೆ ಬಂದಾಗ ಅದು ಹೇಗಿರುತ್ತದೆ ಎಂದು ಹೇಳುತ್ತೇನೆ. ಇರಾನ್ ಏರ್ ವಿಮಾನ ಬಿದ್ದ ಎಂಟು ವರ್ಷಗಳ ಮೇಲೆ, 1996ರಲ್ಲಿ, ಅಮೆರಿಕ ಸತ್ತ ಇರಾನಿಯರ ಕುಟುಂಬಗಳಿಗೆ ಪರಿಹಾರ ಕೊಡಲು ಒಪ್ಪಿತು. ದುಡಿಯುವವನ ಪ್ರಾಣಕ್ಕೆ ಮೂರು ಲಕ್ಷ ಡಾಲರ್, ದುಡಿಯದವರದಕ್ಕೆ ಒಂದೂವರೆ ಲಕ್ಷ. ಮಕ್ಕಳು ದುಡಿಯದವರ ಸಾಲಿಗೆ ಬಂದರು. ಕಾನೂನಿನ ಹೊಣೆಯನ್ನು ಅಮೆರಿಕ ಒಪ್ಪಿಕೊಳ್ಳಲಿಲ್ಲ. ನೌಕೆಗೆ ಹೆಸರಿತ್ತು, ಕ್ಯಾಪ್ಟನ್ ಇದ್ದ, ಗುಂಡಿ ಒತ್ತಿದ ಕೈ ಇತ್ತು, ಆದರೂ ಇಷ್ಟೇ.

ಹೊಣೆಯನ್ನು ಯಂತ್ರಕ್ಕೆ ವರ್ಗಾಯಿಸಲು ಆಗದು ಎಂಬ ತತ್ತ್ವವನ್ನು, ತಾವೇ ಗುರಿ ಆರಿಸಿ ಹೊಡೆಯುವ ಶಸ್ತ್ರಗಳ ಕುರಿತ ಜಿನೀವಾದ ಮಾತುಕತೆಯಲ್ಲಿ ದೇಶಗಳು 2019ರಲ್ಲೇ ಒಪ್ಪಿಕೊಂಡಿವೆ. ಅದು ಯಾರನ್ನೂ ಕಟ್ಟಿಹಾಕುವ ಕಾನೂನಲ್ಲ. ಈ ಶಸ್ತ್ರಗಳ ಕುರಿತು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 2023ರ ಡಿಸೆಂಬರಿನಲ್ಲಿ ಮೊದಲ ನಿರ್ಣಯ ಬಂದಾಗ 152 ದೇಶಗಳು ಪರವಾಗಿ ಕೈಯೆತ್ತಿದವು, ವಿರೋಧಿಸಿದ್ದು ನಾಲ್ಕು. ಆ ನಾಲ್ಕರಲ್ಲಿ ರಷ್ಯಾ ಇತ್ತು, ಭಾರತವೂ ಇತ್ತು. 2026ರೊಳಗೆ ಒಪ್ಪಂದ ಆಗಲಿ ಎಂದು ಮಹಾಕಾರ್ಯದರ್ಶಿ ಗುಟೆರಸ್ ಗಡುವು ಕೊಟ್ಟಿದ್ದರು. ಆದರೆ ಜಿನೀವಾದ ಮಾತುಕತೆ ಸರ್ವಸಮ್ಮತಿಯ ನಿಯಮದ ಮೇಲೆ ನಡೆಯುತ್ತದೆ. ಒಂದೇ ಒಂದು ದೇಶ ಬೇಡವೆಂದು ತಲೆ ಅಲ್ಲಾಡಿಸಿದರೂ ಸಾಕು, ಕಡತ ಮುಂದಕ್ಕೆ ಹೋಗುವುದಿಲ್ಲ.